ವಿಮಲಾಬಾಯಿಯ ಅರ್ಧ ಮಾತು

ಗುರುಲಿಂಗಪ್ಪ ನೀರಾವರಿ ಇಲಾಖೆಯ ಕಚೇರಿಯಿಂದ ನಿವೃತ್ತನಾದ ಮೇಲೆ ಅವನ ಹೆಂಡತಿ ವಿಮಲಾಬಾಯಿಗೆ ಮನೆಗೆಲಸದ ಜೊತೆ ಇನ್ನೊಂದು ಕೆಲಸ ಅಂಟಿಕೊಂಡಿತು. ಗಂಡನ ಫೋನಿಗೆ ಬಂದದ್ದನ್ನೆಲ್ಲ ಕೇಳಿಸಿಕೊಳ್ಳಬೇಕಿತ್ತು. ಕಲಬುರಗಿಯ ಖೂಬಾ ಪ್ಲಾಟಿನ ಆ ಮನೆಯಲ್ಲಿ ಮುಂಜಾನೆ ಚಹಾದ ಹೊತ್ತಿಗೇ ಅದು ಶುರುವಾಗುತ್ತಿತ್ತು. ವಾಕಿಂಗ್ ಗೆಳೆಯರದೊಂದು ವಾಟ್ಸಾಪ್ ಗುಂಪು. ಪ್ಲಾಸ್ಟಿಕ್ ಅಕ್ಕಿ, ನಕಲಿ ತತ್ತಿ, ಬಿಸಿನೀರಿಗೆ ಕರಗುವ ಮೂತ್ರಪಿಂಡದ ಹರಳು, ನಾಳೆಯಿಂದ ಮುಚ್ಚುವ ಬ್ಯಾಂಕು, ಎಲ್ಲವೂ ಅದರೊಳಗಿಂದ ಬರುತ್ತಿದ್ದವು. ವಿಮಲಾಬಾಯಿ ರೊಟ್ಟಿ ಬಡಿಯುತ್ತ ಹೂಂ ಅನ್ನುತ್ತಿದ್ದಳು. ಅಲ್ಲ ಅಂದರೆ ಮಾತು ಬೆಳೆದು ರೊಟ್ಟಿ ಸೀದುಹೋಗುತ್ತಿತ್ತು.

ಗುರುಲಿಂಗಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಬಹಳ ವರ್ಷಗಳ ಕಾಯಿಲೆ, ಬಹಳ ವರ್ಷಗಳ ಮಾತ್ರೆ. ಮಾತ್ರೆ ನುಂಗಿ ನುಂಗಿ ಅವನಿಗೆ ಬೇಸರ ಬಂದಿತ್ತು. ಹಬ್ಬದ ದಿನ ಹೋಳಿಗೆಯ ತಾಟು ತನ್ನನ್ನು ದಾಟಿ ಮುಂದಿನವರಿಗೆ ಹೋಗುವಾಗ ಅವನು ಮುಖ ಆಚೆ ತಿರುಗಿಸಿ ಕೂಡುತ್ತಿದ್ದ.

ಶಿವರಾತ್ರಿಯ ಸುಮಾರಿಗೆ ಆ ಗುಂಪಿಗೆ ಒಂದು ವಿಡಿಯೋ ಬಂತು. ಬಿಳಿ ಕೋಟು ಹಾಕಿಕೊಂಡ ಒಬ್ಬ ಮನುಷ್ಯ, ಕೊರಳಿಗೆ ಸ್ಟೆತಾಸ್ಕೋಪು. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ದಿನಾ ಬರಿಹೊಟ್ಟೆಯಲ್ಲಿ ತಿಂದರೆ ಸಕ್ಕರೆ ಕಾಯಿಲೆ ಬೇರುಸಹಿತ ಕಿತ್ತುಹೋಗುತ್ತದೆ, ಮಾತ್ರೆ ಮಾರುವವರು ಇದನ್ನು ಮುಚ್ಚಿಟ್ಟಿದ್ದಾರೆ ಎಂದು ಹೇಳಿದ. ಗುರುಲಿಂಗಪ್ಪ ಅದನ್ನು ಮತ್ತೆ ಮತ್ತೆ ನೋಡಿದ.

"ಕೇಳಿದ್ಯಾ ವಿಮ್ಲಾ? ನಮ್ಮ ಮಗ್ಗಲದಾಗ ದವಾ ಇಟ್ಕೊಂಡು ಇಷ್ಟ ವರ್ಷ ಮಂದಿ ಗುಳಗಿ ನುಂಗೀನಿ ನಾ."

"ಡಾಕ್ಟರಿಗೆ ಒಂದ ಮಾತು ಕೇಳ್ರಿ" ಅಂದಳು ವಿಮಲಾಬಾಯಿ.

"ಅವ್ರ್ಯಾಕ ಹೌದಂತಾರ? ಅವ್ರ ಹೊಟ್ಟಿ ಮ್ಯಾಲೆ ಕಾಲ ಬೀಳ್ತದ."

ಸೇಡಂ ರಸ್ತೆಯಲ್ಲಿ ಆಸ್ಪತ್ರೆಗಳ ಸಾಲಿನ ಎದುರು ಜಹೀರುದ್ದೀನ್ ಎಂಬವನ ತಳ್ಳುಗಾಡಿ ನಿಲ್ಲುತ್ತಿತ್ತು. ಕಮಲಾಪುರದವನೇ. ಊರಿನ ತೋಟಗಳಿಂದ ಕೆಂಪು ಬಾಳೆ ತಂದು ಇಲ್ಲಿ ಮಾರುತ್ತಿದ್ದ. ಕೆಂಪು ಬಾಳೆ ಉಳಿದ ಬಾಳೆಗಿಂತ ತುಟ್ಟಿ. ರೋಗಿಗಳನ್ನು ನೋಡಲು ಬಂದವರು ಅದನ್ನು ನೋಡಿ, ಬೆಲೆ ಕೇಳಿ, ಸಾದಾ ಬಾಳೆ ಕೊಂಡು ಹೋಗುತ್ತಿದ್ದರು. ವಿಡಿಯೋ ಬಂದ ಮೇಲೆ ಗಾಡಿಯ ಸುತ್ತ ಮಂದಿ ನಿಲ್ಲತೊಡಗಿದರು. ಗುರುಲಿಂಗಪ್ಪನೂ ಸ್ಕೂಟರ್ ನಿಲ್ಲಿಸಿ, "ಏನಪಾ, ಇದರಿಂದ ಶುಗರ್ ಹೋಗೋದು ಖರೇ ಏನು?" ಎಂದು ಕೇಳಿದ.

ಜಹೀರುದ್ದೀನ್ ತನ್ನ ಫೋನು ತೆಗೆದು ಅದೇ ವಿಡಿಯೋ ತೋರಿಸಿದ. "ನಾ ಏನ್ ಹೇಳ್ಲಿ ಸಾಹೇಬ್ರ, ಡಾಕ್ಟರ್ ಸಾಬ್ರೇ ಹೇಳಾಕತ್ತಾರ ನೋಡ್ರಿ."

ಹಾಗೆ ದಿನಾ ಬಾಳೆಹಣ್ಣು ಮನೆಗೆ ಬಂತು. ಮೊದಲು ಒಂದು ಹೊತ್ತಿನ ಮಾತ್ರೆ ನಿಂತಿತು, ಆಮೇಲೆ ಎರಡೂ. ವಿಮಲಾಬಾಯಿ ಬೇಡಿಕೊಂಡಳು, ಸಿಟ್ಟು ಮಾಡಿದಳು, ಎರಡು ದಿನ ಮಾತು ಬಿಟ್ಟಳು. ನಗರದಲ್ಲೇ ಶಾಲಾ ಶಿಕ್ಷಕಿಯಾಗಿದ್ದ ಮಗಳು ಅಂಬಿಕಾಳನ್ನು ಕರೆಸಿ ಹೇಳಿಸಿದಳು.

"ನೀವಿಬ್ರೂ ಡಾಕ್ಟರೇನು?" ಅಂದ ಗುರುಲಿಂಗಪ್ಪ. "ಮೈ ಹಗುರ ಆಗ್ಯಾದ ನಂದು. ನನ್ನ ಮೈ ನನಗ ಗೊತ್ತಿಲ್ಲೇನು?"

ವಿಮಲಾಬಾಯಿ ಆಮೇಲೆ ಹೇಳುವುದನ್ನು ಬಿಟ್ಟಳು. ಒಪ್ಪಿದ್ದಕ್ಕಲ್ಲ, ಸಾಕಾಗಿದ್ದಕ್ಕೆ.

ಬೇಸಿಗೆ ಏರಿದಾಗ ಅವನ ಬಲಗಾಲಿನಲ್ಲಿ ಚಪ್ಪಲಿ ಉಜ್ಜಿ ಒಂದು ಗುಳ್ಳೆ ಎದ್ದಿತು. ಅದು ಒಡೆದು ಮಾಯಲಿಲ್ಲ. ಅರಿಶಿನ ಹಚ್ಚಿಕೊಂಡು ಕಾಲುಚೀಲದೊಳಗೆ ಮುಚ್ಚಿಟ್ಟುಕೊಂಡ. ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಹೋದ ವಿಮಲಾಬಾಯಿಗೆ ಅವನು ಕುರ್ಚಿಯಲ್ಲಿ ಓರೆಯಾಗಿ ಬಿದ್ದಿರುವುದು ಕಂಡಿತು. ಕಣ್ಣು ಅರೆತೆರೆದಿತ್ತು. ಕರೆದರೆ ತೊದಲಿದ. ಕಾಲು ಮೊಣಕಾಲಿನವರೆಗೆ ಬಾತುಕೊಂಡು ವಾಸನೆ ಬರುತ್ತಿತ್ತು.

ಪಕ್ಕದ ಮನೆಯವರು ಸೇರಿ ಅವನನ್ನು ಸೇಡಂ ರಸ್ತೆಯ ಒಂದು ಆಸ್ಪತ್ರೆಗೆ ಒಯ್ದರು. ಡಾಕ್ಟರು ನೋಡಿ, "ಗುಳಗಿ ತಗೋತಿದ್ರಾ?" ಎಂದು ಕೇಳಿದರು. ಇಲ್ಲ ಅಂದಳು. ಮುಂದೆ ಏನನ್ನೂ ಕೇಳದೆ ಅವನನ್ನು ಒಳಗೆ ಒಯ್ದರು. ಅಂಬಿಕಾ ಶಾಲೆಯಿಂದ ಹೊರಟಿದ್ದಳು, ಇನ್ನೂ ತಲುಪಿರಲಿಲ್ಲ. ತಂದು ಬಿಟ್ಟವರು ಒಬ್ಬೊಬ್ಬರಾಗಿ ಹೋದರು. ಒಳಗಿನಿಂದ ಯಾರೂ ಹೊರಗೆ ಬರಲಿಲ್ಲ. ವಿಮಲಾಬಾಯಿ ಮುಚ್ಚಿದ ಬಾಗಿಲಿನ ಎದುರು ಕಬ್ಬಿಣದ ಬೆಂಚಿನ ಮೇಲೆ ಒಬ್ಬಳೇ ಕೂತಳು.

ಆಗ ಸೂರ್ಯಕಾಂತ ಬಂದ. ಅವರ ಓಣಿಯ ಹುಡುಗ, ಓದು ಮುಗಿಸಿ ಕೆಲಸ ಸಿಗದೆ ಫೇಸ್‌ಬುಕ್ಕಿನಲ್ಲಿ 'ಕಲ್ಯಾಣದ ಕಣ್ಣು' ಎಂಬ ಸುದ್ದಿ ಪುಟ ನಡೆಸುತ್ತಿದ್ದ. ಪಕ್ಕದಲ್ಲಿ ಕೂತು, ಮೆತ್ತಗಿನ ದನಿಯಲ್ಲಿ, "ಕಾಕು, ಏನಾತ್ರಿ ಕಾಕಾಗ?" ಎಂದು ಕೇಳಿದ.

ಅಷ್ಟು ಹೊತ್ತಿನಲ್ಲಿ ಏನಾಯಿತೆಂದು ಅವಳನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅಳು ಒತ್ತರಿಸಿ ಬಂತು.

"ಆ ಬಾಳಿಹಣ್ಣು ತಿಂದು ತಿಂದು ಹಿಂಗಾತು ನೋಡಪ್ಪ" ಅಂದಳು. "ಗುಳಗಿ ಬಿಟ್ಟು ಕುಂತ್ರು. ಯಾವನೋ ಕೋಟ್ ಹಾಕ್ಕೊಂಡು ಫೋನಿನಾಗ ಹೇಳ್ದ, ನಂಬಿದ್ರು. ನಾ ಎಷ್ಟ ಬಡಕೊಂಡ್ರೂ ಕೇಳ್ಲಿಲ್ಲ."

ಅವನ ಕೈಯಲ್ಲಿ ಫೋನು ಇತ್ತು. ಈಗ ಎಲ್ಲರ ಕೈಯಲ್ಲೂ ಇರುತ್ತದೆ. ಅವಳು ಅದನ್ನು ಗಮನಿಸಲಿಲ್ಲ.

ಮಾರನೆಯ ದಿನ ಡಾಕ್ಟರು ಗುರುಲಿಂಗಪ್ಪನ ಬಲಗಾಲಿನ ಎರಡು ಬೆರಳು ತೆಗೆದರು. ಜೀವಕ್ಕೆ ಅಪಾಯವಿಲ್ಲ ಅಂದರು. ಅಂಬಿಕಾ ತಂದೆಯ ಹತ್ತಿರ ಕೂತಳು. ವಿಮಲಾಬಾಯಿ ಚೀಟಿ ಹಿಡಿದು ಔಷಧ ತರಲು ಕೆಳಗಿಳಿದಳು.

ರಸ್ತೆಯಲ್ಲಿ ಗದ್ದಲ ಆಗಷ್ಟೇ ಮುಗಿದಂತಿತ್ತು. ಜಹೀರುದ್ದೀನನ ಗಾಡಿ ಮಗುಚಿ ಬಿದ್ದು ಒಂದು ಗಾಲಿ ಮೇಲಾಗಿತ್ತು. ಕೆಂಪು ಬಾಳೆಹಣ್ಣು ರಸ್ತೆ ತುಂಬ ಚೆಲ್ಲಿ, ಆಟೋಗಳು ಅದರ ಮೇಲೆ ಹಾದು, ಡಾಂಬರಿಗೆ ಅಂಟಿಕೊಂಡಿತ್ತು. ಔಷಧದ ಅಂಗಡಿಯ ಮುಂದೆ ನಾಲ್ಕಾರು ಯುವಕರು ಬೆವರಿ ನಿಂತಿದ್ದರು.

"ಏನಾತ್ರೀ ಇಲ್ಲಿ?" ಎಂದು ಕೇಳಿದಳು.

ಒಬ್ಬ ಅವಳ ಮುಖ ನೋಡಿ ತಟ್ಟನೆ ಕೈ ಮುಗಿದ. "ನೀವ ಅಲ್ರೀ ಅವ್ವಾರ, ವಿಡಿಯೋದಾಗಿನಾಕಿ? ಕಾಳಜಿ ಮಾಡಬ್ಯಾಡ್ರಿ. ನಿಮ್ಮ ಸಲುವಾಗೇ ಹೊಡದೇವ್ರಿ ಅವಂಗ. ವಿಷ ಮಾರ್ತಾನ ಮಗಾ."

"ಯಾರಿಗೆ?"

"ಆ ಬಾಳಿಹಣ್ಣಿನಾಂವಗ್ರಿ. ಕೈ ಮುರದದ. ಇನ್ನ ಈ ಕಡಿ ತಲಿ ಹಾಕಂಗಿಲ್ಲ."

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು. ವಿಮಲಾಬಾಯಿ ಔಷಧ ಕೊಳ್ಳದೇ ಮೆಟ್ಟಿಲು ಹತ್ತಿ ಬಂದು, "ಅಂಬಿಕಾ, ಅದ್ಯಾವ ವಿಡಿಯೋ ಅದನವಾ ನಂದು?" ಅಂದಳು.

ಅಂಬಿಕಾ ಅದನ್ನು ಆಗಲೇ ನೋಡಿದ್ದಳು. ಅಪ್ಪನ ಆಪರೇಷನ್ ಮುಗಿಯಲಿ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಈಗ ಹೊರಗೆ ಕರೆದು ತೋರಿಸಿದಳು. ಮೊದಲು ವಿಮಲಾಬಾಯಿಯ ಅಳುವ ಮುಖ. "ಆ ಬಾಳಿಹಣ್ಣು ತಿಂದು ತಿಂದು ಹಿಂಗಾತು ನೋಡಪ್ಪ." ಅಷ್ಟಕ್ಕೆ ಮಾತು ಕತ್ತರಿಸಿತ್ತು. ಆಮೇಲೆ ಯಾವುದೋ ಗೋದಾಮು, ಯಾರೋ ಇಬ್ಬರು ಹಣ್ಣಿನ ಗೊನೆಗಳನ್ನು ಕೆಂಪು ನೀರಿನ ತೊಟ್ಟಿಯಲ್ಲಿ ಅದ್ದುತ್ತಿದ್ದರು. ಅವರು ಆಡುತ್ತಿದ್ದ ಭಾಷೆ ಕನ್ನಡವೂ ಅಲ್ಲ, ಉರ್ದುವೂ ಅಲ್ಲ. ಕೊನೆಗೆ ಜಹೀರುದ್ದೀನ್ ತನ್ನ ಗಾಡಿಯ ಹಿಂದೆ ನಗುತ್ತ ನಿಂತ ಫೋಟೋ. ಮೇಲೆ ದಪ್ಪ ಅಕ್ಷರ: 'ಕಮಲಾಪುರದ ಕೆಂಪು ಬಾಳೆಯಲ್ಲಿ ವಿಷದ ಬಣ್ಣ. ವೃದ್ಧ ಸಾವು ಬದುಕಿನ ನಡುವೆ.' ಕೆಳಗೆ ಸಾವಿರಾರು ಮಂದಿ ಬರೆದಿದ್ದರು. ಮೊದಮೊದಲಿಗೆ ಹಣ್ಣಿನ ಬಗ್ಗೆ ಬರೆದಿದ್ದರು. ಮಾರುವವನ ಹೆಸರು ತಿಳಿದ ಮೇಲೆ ಹಣ್ಣು ಮರೆತು ಅವನ ಜಾತಿ ಧರ್ಮಕ್ಕೆ ಇಳಿದಿದ್ದರು.

"ಇದನ್ನ ತಗಸು" ಅಂದಳು ವಿಮಲಾಬಾಯಿ.

"ಅವ್ವಾ, ಸೂರ್ಯಕಾಂತ ತಗದ್ರೂ ಹೋಗಂಗಿಲ್ಲ. ಎಲ್ಲಾರ ಫೋನಿನಾಗೂ ಅದ."

ಆದರೂ ಅವಳು ಸುಮ್ಮನಿರಲಿಲ್ಲ. ಗಂಡನನ್ನು ಮನೆಗೆ ಕರೆತಂದ ದಿನವೇ ಸೂರ್ಯಕಾಂತನ ಮನೆಗೆ ಹೋದಳು. ಅವನು ಕುರ್ಚಿ ಹಾಕಿ, ನೀರು ಕೊಟ್ಟು, ಎದುರು ನಿಂತ.

"ನಿಮ್ಮ ಬಾಯಾಗಿನ ಮಾತ ಅದು ಕಾಕು. ನಾ ಏನರ ಸೇರಿಸೀನೇನು?"

"ಸೇರಿಸಿಲ್ಲಪ್ಪ. ಕಡದಿ."

"ಉದ್ದ ಹಾಕಿದ್ರ ಯಾರೂ ನೋಡಂಗಿಲ್ರಿ. ಗೋದಾಮಿನ ವಿಡಿಯೋ ನನಗ ಬ್ಯಾರೆಯವರು ಕಳಿಸಿದ್ದು. ಖರೇ ಇರಬೇಕಂತ ಹಾಕಿದ್ನಿ."

"ಇರಬೇಕಂತ?"

ಅವನು ತಲೆ ತಗ್ಗಿಸಿದ. ಕೆಟ್ಟ ಹುಡುಗನಲ್ಲ. ಆಸ್ಪತ್ರೆಗೆ ರಕ್ತ ಬೇಕೆಂದರೆ ಮೊದಲು ಓಡುವವನು. "ಕೈ ಮುರೀತಾರಂತ ನನಗೇನ್ ಗೊತ್ರಿ" ಅಂದ. ಅವಳ ಮಾತನ್ನು ಪೂರ್ತಿಯಾಗಿ ಹಾಕಲು ಒಪ್ಪಿದ. ಅವತ್ತು ಸಂಜೆಯೇ 'ಸ್ಪಷ್ಟನೆ' ಎಂದು ಬರೆದು ಹಾಕಿದ. ಮೊದಲಿನ ವಿಡಿಯೋ ಬೀದರಿನಿಂದ ರಾಯಚೂರಿನವರೆಗೆ ಹೋಗಿತ್ತು. ಇದನ್ನು ಅಂಬಿಕಾಳ ಶಾಲೆಯ ಶಿಕ್ಷಕಿಯರು, ಬಂಧುಬಳಗದ ಕೆಲವರು ನೋಡಿದರು. 'ಎಷ್ಟು ಕೊಟ್ಟರಮ್ಮ?' ಎಂದು ಒಬ್ಬ ಕೇಳಿದ್ದ. 'ಪಾಪ, ಹೆದರಿಸಿ ಹೇಳಿಸಿದ್ದಾರೆ' ಎಂದು ಇನ್ನೊಬ್ಬಳು ಬರೆದಿದ್ದಳು. ಅಧಿಕಾರಿಗಳು ಮಾರುಕಟ್ಟೆಯಿಂದ ಹಣ್ಣು ಒಯ್ದು ಪರೀಕ್ಷೆ ಮಾಡಿಸಿ, ಯಾವ ಬಣ್ಣವೂ ಇಲ್ಲ ಅಂದರು. ಅದು ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬಂತು. ಗುರುಲಿಂಗಪ್ಪನ ವಾಕಿಂಗ್ ಗುಂಪಿನಲ್ಲಿ ಅದನ್ನು ಯಾರೂ ಹಾಕಲಿಲ್ಲ.

ಒಂದು ಭಾನುವಾರ ಅಂಬಿಕಾ ಮನೆಯಲ್ಲಿದ್ದಳು. ವಿಮಲಾಬಾಯಿ ಬಸ್ ಸ್ಟ್ಯಾಂಡಿಗೆ ಹೋಗಿ ಕಮಲಾಪುರದ ಮೇಲೆ ಹಾದುಹೋಗುವ ಹುಮನಾಬಾದ್ ಬಸ್ಸು ಹತ್ತಿದಳು. ಜಹೀರುದ್ದೀನನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದಳು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ತೊಗರಿ ಕೊಯ್ದ ಕರಿ ಹೊಲಗಳು ಹಿಂದೆ ಸರಿದು ಕಮಲಾಪುರದ ಕೆಂಪು ಮಣ್ಣು ಶುರುವಾದಾಗಲೂ ಒಂದು ಮಾತೂ ಹೊಳೆದಿರಲಿಲ್ಲ.

ಹೆದ್ದಾರಿಯ ಬದಿಗೆ, ಬೇವಿನ ಮರದ ಕೆಳಗೆ ತಾಡಪಾಲಿನ ನೆರಳಲ್ಲಿ ಒಬ್ಬ ಹೆಂಗಸು ಕೆಂಪು ಬಾಳೆ ಹರವಿಕೊಂಡು ಕೂತಿದ್ದಳು. ಕೆಂಪು ಎನ್ನುವ ಹಾಗೂ ಇರಲಿಲ್ಲ. ಮಾಗಿ ಮಾಗಿ ಸಿಪ್ಪೆ ಕಪ್ಪಾಗುತ್ತಿತ್ತು. ಅವಳ ಹೆಸರು ತ್ರಿವೇಣಿ. ಗಂಡ ವಿಶ್ವಾಸ ಬೇರೆಯವರ ತೋಟವನ್ನು ಪಾಲಿಗೆ ಮಾಡಿದ್ದ; ಅವನು ಬೆಳೆದದ್ದನ್ನು ಇವಳು ಇಲ್ಲಿ ಮಾರುತ್ತಿದ್ದಳು, ಉಳಿದದ್ದನ್ನು ಜಹೀರುದ್ದೀನ್ ಕಲಬುರಗಿಗೆ ಒಯ್ಯುತ್ತಿದ್ದ. ಆಗಲೇ ಒಂದು ಕಾರು ನಿಂತಿತ್ತು. ಒಳಗಿನವರು ಕೆಳಗಿಳಿಯದೇ ಏನೋ ಕೇಳಿದರು. ತ್ರಿವೇಣಿ ಒಂದು ಬಿಳಿ ಬಟ್ಟೆ ನೀರಿಗೆ ಅದ್ದಿ ಹಣ್ಣು ಒರೆಸಿ ತೋರಿಸಿದಳು. ಕಾರು ಹಾಗೇ ಮುಂದೆ ಹೋಯಿತು.

"ಬಣ್ಣ ಅಂತಾರ್ರಿ" ಎಂದಳು ತ್ರಿವೇಣಿ, ಹೊಸದಾಗಿ ಬಂದ ವಿಮಲಾಬಾಯಿಯ ಕಡೆ ತಿರುಗಿ. "ಒರಸಿ ತೋರಿಸಿದ್ರೂ ನಂಬಂಗಿಲ್ಲ. ಹಣ್ಣಿಗೆ ಮಣ್ಣು ಹತ್ತಿರ್ತದ, ನಮ್ಮ ಮಣ್ಣು ಕೆಂಪು. ಬಟ್ಟಿ ಕೆಂಪಾದ್ರ ನೋಡು ಬಣ್ಣ ಅಂತಾರ. ಎಷ್ಟ ಬೇಕ್ರಿ?"

"ಒಂದು ಡಜನ್ ಕೊಡವಾ" ಅಂದಳು ವಿಮಲಾಬಾಯಿ.

ತ್ರಿವೇಣಿ ಹಣ್ಣು ಆರಿಸುತ್ತ ಮಾತಾಡಿದಳು. ತೋಟದಲ್ಲಿ ಗೊನೆಗಳು ಗಿಡದ ಮೇಲೇ ಹಣ್ಣಾಗಿ ಬಾವಲಿಗಳ ಪಾಲಾಗಿದ್ದವು. ವ್ಯಾಪಾರಿಗಳು ಬರುವುದು ಬಿಟ್ಟಿದ್ದರು. ಉಳಿದದ್ದನ್ನು ವಿಶ್ವಾಸ ದನಗಳಿಗೆ ಹಾಕುತ್ತಿದ್ದ. ಹೇಳುತ್ತ ಹೇಳುತ್ತ ಅವಳ ಕೈ ನಿಂತಿತು. ವಿಮಲಾಬಾಯಿಯ ಮುಖವನ್ನೇ ನೋಡಿದಳು.

"ನೀವ ಅಲ್ರೀ ಆಕಿ?"

"ಹೌದವಾ. ನಾನ."

ತ್ರಿವೇಣಿ ಹಣ್ಣಿನ ಚೀಲ ಕೆಳಗಿಟ್ಟಳು. ರಸ್ತೆಯಲ್ಲಿ ಒಂದರ ಹಿಂದೊಂದು ಲಾರಿ ಹೋದವು. ವಿಮಲಾಬಾಯಿ ಬೈಗುಳಕ್ಕೆ ಕಾದು ನಿಂತಳು.

"ನೀವು ಸಿಕ್ರ ಹಿಂಗ ಬೈಬೇಕು, ಹಂಗ ಬೈಬೇಕು ಅಂತ ದಿನಾ ಮನಸಿನಾಗ ಬೈದೀನ್ರಿ" ಅಂದಳು ತ್ರಿವೇಣಿ ಕೊನೆಗೆ. "ಈಗ ಎದುರಿಗೆ ಬಂದ್ರ ಬೈಲಾಕ ಹುರುಪ ಇಲ್ಲ. ಕುಂದರ್ರಿ. ಬಿಸಿಲಾಗ ನಿಂತೀರಿ."

ವಿಮಲಾಬಾಯಿ ಅವಳ ಪಕ್ಕದ ಗೋಣಿಚೀಲದ ಮೇಲೆ ಕೂತಳು. ತಾನು ಆಡಿದ್ದ ಮಾತು ಇಡಿಯಾಗಿ ಏನಿತ್ತು, ಅದರಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು, ಎಲ್ಲ ಹೇಳಿದಳು. ಗಂಡ ಮಾತ್ರೆ ಬಿಟ್ಟದ್ದು, ಬೆರಳು ಹೋದದ್ದು ಹೇಳಿದಳು. ತ್ರಿವೇಣಿ ನಡುವೆ ಬಾಯಿ ಹಾಕದೆ ಕೇಳಿದಳು.

"ಶುಗರ್ ಹೋಗ್ತದ ಅನ್ನೋ ವಿಡಿಯೋ ನಾವೂ ನೋಡಿದ್ವಿ" ಅಂದಳು ಆಮೇಲೆ. "ಶಿವರಾತ್ರಿ ಮುಂದ ಮಂದಿ ಹಂಗ ಮುಗಿಬಿದ್ದಿದ್ರು. ಹೌದೇನಂತ ಕೇಳಿದ್ರ ನಾ ಹೌದನ್ಲಿಲ್ಲ. ಅಲ್ಲ ಅಂತನೂ ಅನ್ಲಿಲ್ಲ. ನಮ್ಮ ಹಣ್ಣಿಗೆ ಒಂದು ಕಾಲ ಬಂತು ಅಂತ ಖುಷಿ ಆಗಿತ್ರಿ. ನಿಮ್ಮ ಮನಿಯವ್ರಂಗ ತಿಂದಾರು ಅಂತ ತಿಳೀಲಿಲ್ಲ."



ಜಹೀರುದ್ದೀನನ ಮನೆ ಹಿಂದಿನ ಓಣಿಯಲ್ಲಿತ್ತು. ತ್ರಿವೇಣಿ ಕರೆದುಕೊಂಡು ಹೋದಳು. ಅವನು ಅಂಗಳದ ಮಂಚದ ಮೇಲೆ ಪ್ಲಾಸ್ಟರ್ ಹಾಕಿದ ಬಲಗೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದ. ಅವಳನ್ನು ನೋಡಿ ಏಳಲು ಹೋದ, ಆಗಲಿಲ್ಲ. ಒಳಗೆ ಅವನ ಹೆಂಡತಿಯ ದನಿ ಕೇಳಿಸಿತು. ಅವಳು ಹೊರಗೆ ಬರಲಿಲ್ಲ.

"ನೀವು ಬರಬಾರದಿತ್ರಿ ಅಮ್ಮಾ" ಅಂದ. "ಯಾರರ ಫೋಟೋ ತಗದ್ರ ಇದಕ್ಕೂ ಒಂದು ಕಥಿ ಕಟ್ತಾರ."

"ಕಟ್ಲಿ. ನಂದೇನು ಉಳದದ ಇನ್ನ?"

"ಸಾಹೇಬ್ರು ಹ್ಯಾಂಗ ಅದಾರ?"

 ಎರಡು ಬೆರಳು ತೆಗೆದಾರ, ಈಗ ಅಡ್ಡಿಯಿಲ್ಲ ಅಂದಳು ವಿಮಲಾಬಾಯಿ. ಅವನು "ಯಾ ಅಲ್ಲಾ" ಎಂದು ತನ್ನ ಪ್ಲಾಸ್ಟರ್ ಕಡೆ ನೋಡಿದ.

"ನಾನೂ ಫೋನ್ ತೋರಿಸಿ ತೋರಿಸಿ ಮಾರೀನ್ರಿ" ಅಂದ. "ಕೋಟ್ ನೋಡಿ ಡಾಕ್ಟರ್ ಅಂತ ತಿಳಿದ್ನಿ. ಹೊಡೆಯೋರು ಆ ಮಾತ ಎತ್ತಿದ್ರ ನಾ ತಲಿ ಬಗ್ಗಿಸ್ತಿದ್ನಿ. ಅವ್ರು ಕೇಳಿದ್ದ ಬ್ಯಾರೆ. ಹೆಸರು ಕೇಳಿದ್ರು, ಹೇಳಿದ್ನಿ, ಹೊಡದ್ರು."

ಠಾಣೆಯಲ್ಲಿ ದೂರು ದಾಖಲಾಗಿತ್ತು. ಆದರೆ ಹೊಡೆದವರ ಕಡೆಯವರು, ಹಣ್ಣು ತಿಂದು ಮನುಷ್ಯ ಸಾಯುವ ಹಾಗಾದದ್ದು ನಿಜ, ಊರೇ ನೋಡಿದೆ, ಜನ ಸಿಟ್ಟಾದದ್ದರಲ್ಲಿ ತಪ್ಪೇನು ಎನ್ನುತ್ತಿದ್ದರು. ಹೊಂದಿಕೊಂಡು ಮುಗಿಸಿಬಿಡು ಎಂದು ಜಹೀರುದ್ದೀನನಿಗೆ ದಿನಾ ಫೋನು ಬರುತ್ತಿತ್ತು.

"ಸಾಹೇಬ್ರು ಬಂದು ಒಂದ ಮಾತು ಹೇಳಿದ್ರ ಛಲೋ ಆಗ್ತದ್ರಿ. ಗುಳಗಿ ಬಿಟ್ಟಿದ್ನಿ, ಅದಕ್ಕ ಹಿಂಗಾತು ಅಂತ. ಅಷ್ಟ ಸಾಕು."

"ಹೇಳಸ್ತೀನಿ" ಅಂದಳು ವಿಮಲಾಬಾಯಿ. ಬಸ್ಸು ಹತ್ತಿದ ಮೇಲೆ, ಇಷ್ಟು ವರ್ಷ ಗಂಡನಿಂದ ಒಂದೂ ಮಾತು ಹೇಳಿಸಿದವಳಲ್ಲ ತಾನು ಎಂಬುದು ನೆನಪಿಗೆ ಬಂತು.

ಗುರುಲಿಂಗಪ್ಪ ಕೇಳಿ ಹೌಹಾರಿದ. "ನಾ ಠಾಣಾಕ್ಕ ಬರ್ಬೇಕಾ? ಬಂದು ಏನ್ ಹೇಳ್ಲಿ? ನಾ ದಡ್ಡ ಅಂತ ಹೇಳ್ಲಾ?"

"ಆಗಿದ್ದ ಹೇಳ್ರಿ."

"ಗುಂಪಿನವ್ರು ನನಗ ಮರ್ಯಾದಿ ಕೊಡ್ತಾರ. ಇಷ್ಟ ವರ್ಷ ಆಫೀಸಿನಾಗ ನಾ ಸಹಿ ಮಾಡಿದ ಕಾಗದಕ್ಕ ಯಾರೂ ತಪ್ಪು ಹುಡಕಿಲ್ಲ. ಈಗ ಬಾಳಿಹಣ್ಣಿನ ವಿಡಿಯೋ ನಂಬಿ ಕಾಲಬೆರಳ ಕಳಕೊಂಡೆ ಅಂತ ಹೇಳ್ಲಿ?"

ವಿಮಲಾಬಾಯಿ ಅವನ ಕಾಲಿನ ಪಟ್ಟಿ ಬಿಚ್ಚಿ ಗಾಯ ತೊಳೆಯುತ್ತಿದ್ದಳು. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. "ನೀವು ಹೇಳ್ಲಿಲ್ಲಂದ್ರ ನನ್ನ ಅರ್ಧ ಮಾತ ಖರೇ ಆಗಿ ಉಳೀತದ್ರಿ. ಆ ಮನಶ್ಯಾನ ಕೈ ನಿಮ್ಮ ಕಾಲಿನ ಸಲುವಾಗಿ ಮುರದಾರ. ನಿಮ್ಮ ಕಾಲ ಅಂವ ಮುರದಿಲ್ಲ."

 ಅವನು ಅವತ್ತೂ ಠಾಣೆಗೆ ಬರುತ್ತೇನೆ ಅನ್ನಲಿಲ್ಲ, ಮರುದಿನವೂ ಅನ್ನಲಿಲ್ಲ. ವಿಮಲಾಬಾಯಿಯೂ ಮತ್ತೆ ಕೇಳಲಿಲ್ಲ. ಅಡಿಗೆ ಮಾಡಿದಳು, ಮಾತ್ರೆ ಕೊಟ್ಟು ನುಂಗುವವರೆಗೆ ಎದುರು ನಿಂತಳು, ಗಾಯ ತೊಳೆದಳು. ವಾಕಿಂಗ್ ಗೆಳೆಯರಲ್ಲಿ ಇಬ್ಬರು ನೋಡಲು ಬಂದರು. ಕೂತು, ಚಹಾ ಕುಡಿದು, ಆ ಹಣ್ಣಿನವನಿಗೆ ಇನ್ನೂ ನಾಲ್ಕು ಬಿಗಿಯಬೇಕಿತ್ತು ಅಂದರು. ಗುರುಲಿಂಗಪ್ಪ ಹೌದೆನ್ನಲಿಲ್ಲ. ಅವರು ಹೋಗುವಾಗ ಒಬ್ಬ ಬಾಗಿಲಲ್ಲಿ ನಿಂತು, "ಬೇವಿನ ಕಷಾಯ ಚಾಲೂ ಮಾಡ್ರಿ, ವಿಡಿಯೋ ಕಳಸ್ತೀನಿ" ಎಂದ. ಆ ಮಾತಿಗೆ ಗುರುಲಿಂಗಪ್ಪ ಎಷ್ಟು ಹೊತ್ತು ಗೋಡೆ ನೋಡುತ್ತ ಕೂತನೆಂದರೆ ವಿಮಲಾಬಾಯಿ ಬಂದು ಮೈ ಮುಟ್ಟಿ ನೋಡಿದಳು.

ಮರುದಿನ ಮುಂಜಾನೆ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಊರುಗೋಲು ಹಿಡಿದು ಬಾಗಿಲಿಗೆ ಬಂದ. "ಆಟೋ ಕರಿ" ಅಂದ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು. ಗುರುಲಿಂಗಪ್ಪ ಕೂಡಲಿಲ್ಲ. ಕಚೇರಿಯಲ್ಲಿ ಮೇಲಧಿಕಾರಿಗಳ ಮುಂದೆ ನಿಲ್ಲುತ್ತಿದ್ದ ಹಾಗೆ ನಿಂತು, ಒಂದೊಂದೇ ವಾಕ್ಯ ಹೇಳಿದ. ಯಾರ ಒತ್ತಾಯವೂ ಇಲ್ಲದೆ ಬಂದೀನಿ. ಗುಳಗಿ ನಾನಾಗೇ ನಿಲ್ಲಿಸಿದ್ನಿ. ಹೆಂಡತಿ ಮಗಳು ಬ್ಯಾಡಂದ್ರು, ಕೇಳ್ಲಿಲ್ಲ. ಗಾಯ ಮುಚ್ಚಿಟ್ಟೆ. ಹಣ್ಣಿನೊಳಗ ವಿಷ ಇರ್ಲಿಲ್ಲ.

"ಓದಿದವ್ರು ನೀವು..." ಅಂದರು ಇನ್ಸ್‌ಪೆಕ್ಟರ್, ಬೈಯುವುದಕ್ಕಲ್ಲ, ಸುಮ್ಮನೆ ಬಾಯಿಗೆ ಬಂದಂತೆ.

"ಹೌದ್ರಿ" ಅಂದ ಗುರುಲಿಂಗಪ್ಪ. ಅವನ ಕಿವಿ ಕೆಂಪಾದವು. ಬರೆದದ್ದನ್ನು ಪೂರ್ತಿ ಓದಿ ನೋಡಿ ಸಹಿ ಮಾಡಿದ.

ಅದರಿಂದ ಮುಂದೆ ಆದದ್ದು ದೊಡ್ಡದೇನಲ್ಲ. ಹೊಡೆದವರ ಮೇಲಿನ ಕೇಸು ಗಟ್ಟಿಯಾಯಿತು. ನ್ಯಾಯಾಲಯದಲ್ಲಿ ತಾರೀಖು ಬೀಳುತ್ತಲೇ ಇದೆ. ಜಹೀರುದ್ದೀನನ ಕೈ ಕೂಡಿತು, ಭಾರ ಎತ್ತಲು ಬರುವುದಿಲ್ಲ. ಅವನು ಸೇಡಂ ರಸ್ತೆಗೆ ಮತ್ತೆ ಬರಲಿಲ್ಲ. ಹುಮನಾಬಾದಿನಲ್ಲಿ ಮಾವನ ಕಿರಾಣಿ ಅಂಗಡಿಯಲ್ಲಿ ಕೂಡುತ್ತಾನೆ. ವಿಶ್ವಾಸ ಮತ್ತು ತ್ರಿವೇಣಿ ಆ ವರ್ಷ ಅರ್ಧ ತೋಟದಲ್ಲಷ್ಟೇ ಕೆಂಪು ಬಾಳೆ ಉಳಿಸಿಕೊಂಡು ಇನ್ನರ್ಧಕ್ಕೆ ಟೊಮೆಟೊ ಹಾಕಿದರು. ಸೂರ್ಯಕಾಂತ ಆ ವಿಡಿಯೋ ಅಳಿಸಿದ. ಬೇರೆ ಊರುಗಳಲ್ಲಿ ಅದು ಬೇರೆ ಹೆಸರುಗಳಲ್ಲಿ ಈಗಲೂ ತಿರುಗುತ್ತಿದೆ. ಕೆಲವದರಲ್ಲಿ ವಿಮಲಾಬಾಯಿ ವಿಧವೆ.

ಅವತ್ತು ಇದ್ಯಾವುದೂ ಅವರಿಗೆ ತಿಳಿದಿರಲಿಲ್ಲ. ಠಾಣೆಯಿಂದ ಹೊರಗೆ ಬಂದು ಆಟೋ ಹತ್ತಿದರು. ಗುರುಲಿಂಗಪ್ಪ ಪಟ್ಟಿ ಕಟ್ಟಿದ ಕಾಲನ್ನು ಮುಂದೆ ಚಾಚಿ ಕೂತ. ಬಿಸಿಲು ನೆತ್ತಿಗೇರಿತ್ತು. 

"ಆ ಸೂರ್ಯಕಾಂತನ ಮುಂದ ಯಾಕ ಹೇಳಾಕ ಹೋದಿ ನೀ?" ಎಂದು ಕೇಳಿದ ಅವನು. ದನಿಯಲ್ಲಿ ಜಗಳವಿರಲಿಲ್ಲ.

 "ಬಾಗಿಲ ಮುಚ್ಚಿತ್ತು. ನೀವು ಹೋದ್ರಿ ಅಂತ ತಿಳಿದಿದ್ನಿ. ಏನಾತು ಅಂತ ಕೇಳಿದಾಂವ ಅಂವ ಒಬ್ಬನ."

ಆಟೋ ರಸ್ತೆಯ ತಗ್ಗಿಗೆ ಇಳಿದು ಕುಲುಕಿತು. ಗುರುಲಿಂಗಪ್ಪನ ಬಾಯಿಂದ ನೋವಿನ ಸಣ್ಣ ದನಿ ಹೊರಟಿತು. ಅವಳು ಬಗ್ಗಿ ಅವನ ಕಾಲನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು, ಡ್ರೈವರನಿಗೆ ಸಾವಕಾಶ ಹೋಗಪ್ಪ ಅಂದಳು.